ಹೆಬ್ಬೆಟ್ಟಿನ ಬೀಗ

ಕ್ಯಾಸಂಬಳ್ಳಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಕ್ರಯಪತ್ರದ ನಕಲು ತೆಗೆಸಲು ಬಂದಿದ್ದ ವೃದ್ಧರೊಬ್ಬರಿಗೆ, ‘ತಾತ, ಫೋನಿಗೆ ಬರೋ ಓಟಿಪಿ ಮಾತ್ರ ಯಾರಿಗೂ ಹೇಳ್ಬೇಡಿ’ ಎಂದು ಅಲ್ಲಿನ ಹುಡುಗನು ಅಕ್ಕರೆಯಿಂದ ಎಚ್ಚರಿಸಿದನು. ಆದರೆ ಆ ಪತ್ರದ ಕಡತವು, ಗೆರೆಗೆರೆಯನ್ನೂ ಎಣಿಸಬಹುದಾದಷ್ಟು ಸ್ಫುಟವಾಗಿದ್ದ ಹೆಬ್ಬೆಟ್ಟಿನ ಗುರುತಿನೊಡನೆ, ಅವನ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇತರರ ಹತ್ತಾರು ಪತ್ರಗಳ ನಡುವೆ ಹಾಗೆಯೇ ಉಳಿಯಿತು. ನಮ್ಮಲ್ಲಿ ಪ್ರಚಲಿತವಾಗಿರುವ ಎಚ್ಚರಿಕೆಯೆಲ್ಲವೂ ಬಾಯಿಗೆ ಬೀಗ ಹಾಕುವುದರಲ್ಲಿಯೇ ಪರ್ಯವಸಾನಗೊಂಡು, ಕಾಗದದ ಮೇಲಿರುವ ಕೀಲಿಕೈಯನ್ನು ಮರೆತುಬಿಟ್ಟಿದೆ ಎಂಬುದೇ ನನ್ನ ಆಕ್ಷೇಪ.

2023ರಲ್ಲಿ ಮಂಗಳೂರು ಮೊದಲಾದೆಡೆಗಳಲ್ಲಿ, ಆಸ್ತಿ ನೋಂದಣಿ ಮಾಡಿಸಿದ್ದ ಅನೇಕರ ಖಾತೆಗಳಿಂದ ಹಣ ಮಾಯವಾದಾಗ, ಅವರಾರೂ ಓಟಿಪಿಯನ್ನು ಯಾರಿಗೂ ಹೇಳಿರಲಿಲ್ಲ; ಹೇಳಲು ಓಟಿಪಿಯೇ ಬಂದಿರಲಿಲ್ಲ. ಆಧಾರ್ ಆಧಾರಿತ ಪಾವತಿಗೆ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು, ಈ ಮೂರೇ ಸಾಕು. ನೋಂದಣಿ ಪತ್ರಗಳ ನಕಲಿನಿಂದ ಬೆರಳಚ್ಚನ್ನು ಎತ್ತಿ, ಅದರ ಅಚ್ಚು ತಯಾರಿಸಿ, ವಂಚಕರು ಹಣ ಸೆಳೆದಿದ್ದರು. ಬಳಿಕ ಸರ್ಕಾರವು ಆ ನಕಲುಗಳಲ್ಲಿ ಬೆರಳಚ್ಚನ್ನು ಮರೆಮಾಡಲು ಮುಂದಾದುದು ಸ್ತುತ್ಯವಾದರೂ, ಅದಕ್ಕೆ ಮೊದಲೇ ಹೊರಬಿದ್ದ ಪತ್ರಗಳನ್ನು ಮರಳಿ ತರುವವರಾರು? ಪಾಸ್‌ವರ್ಡನ್ನು ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾದೀತೆ? ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠವು 24 ಆಗಸ್ಟ್ 2017ರಂದು ತೀರ್ಪಿತ್ತುದು, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿಯೇ ಎಂಬುದನ್ನು ಇಲ್ಲಿ ನೆನೆಯದಿರಲಾರೆ.

ಬೆರಳಚ್ಚಿಗೆ ಬೀಗ ಹಾಕಿಡುವ ಸೌಲಭ್ಯವನ್ನು ಆಧಾರ್ ಪ್ರಾಧಿಕಾರವೇ ಒದಗಿಸಿದೆ. ಇರುವ ಉಪಾಯಗಳಲ್ಲಿ ಇದು ಉತ್ಕೃಷ್ಟವಾದುದೆಂದು ನಿಸ್ಸಂಕೋಚವಾಗಿ ಹೇಳುವೆನು. ಆದರೆ ಹಾಗೆ ಬೀಗ ಹಾಕಿಟ್ಟ ಅಜ್ಜಿಯೊಬ್ಬಳು ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ, ಬೀಗ ತೆರೆಯುವ ತನಕ ಅಕ್ಕಿ ಸಿಗದು. ತೆರೆಯಲು ನೋಂದಾಯಿತ ಮೊಬೈಲು ಬೇಕು, ಅದು ಬೆಂಗಳೂರಿನಲ್ಲಿ ದುಡಿಯುತ್ತಿರುವ ಮಗನ ಜೇಬಿನಲ್ಲಿರುತ್ತದೆ. ಅಶಕ್ತರಿಗೆ ದುಸ್ಸಾಧ್ಯವಾದ ರಕ್ಷಣೆಯನ್ನು ಅರ್ಧ ರಕ್ಷಣೆಯೆಂದೇ ಎಣಿಸಬೇಕಾಗುತ್ತದೆ.

ಮನೆಯ ಕಂಪ್ಯೂಟರಿನ ವಿಷಯದಲ್ಲಿಯೂ ನಮ್ಮ ಔದಾಸೀನ್ಯ ಕಡಿಮೆಯದಲ್ಲ. ವಿಂಡೋಸ್ 10ಕ್ಕೆ 14 ಅಕ್ಟೋಬರ್ 2025ರಂದು ಸಾಮಾನ್ಯ ಬೆಂಬಲವು ನಿಂತುಹೋಗಿದ್ದರೂ ಅದನ್ನೇ ನೆಚ್ಚಿದ ಮನೆಗಳು ಎಷ್ಟೋ! ನಮ್ಮ ಮನೆಯ ಯಂತ್ರದಲ್ಲಿಯೂ ತಾಯಿಯವರ ಕ್ರಯಪತ್ರವು ತೆರೆದಿಟ್ಟ ಟ್ರಂಕಿನಂತೆ ಡೆಸ್ಕ್‌ಟಾಪಿನ ಮೇಲೆಯೇ ಬಿದ್ದಿತ್ತು. ಅದನ್ನು ಪಾಸ್‌ವರ್ಡಿನಿಂದ ಭದ್ರಪಡಿಸಿದ ಪೆನ್‌ಡ್ರೈವಿಗೆ ಸಾಗಿಸಿ, ಮರುದಿನ ಅದೇ ಅಂಗಡಿಗೆ ಹೋಗಿ, ಹಿಂದೆ ಅಲ್ಲಿ ಮುದ್ರಿಸಿದ್ದ ನಮ್ಮ ಕಡತವನ್ನು ಅಳಿಸಲು ಕೇಳಿದೆನು. ಹುಡುಗನು ಬೇಸರಿಸದೆ ಹುಡುಕಿ ಅಳಿಸಿ, ರಿಸೈಕಲ್ ಬಿನ್ನನ್ನೂ ಬರಿದು ಮಾಡಿದನು. ತಾತನ ಪತ್ರವು ಇನ್ನೂ ಪರದೆಯ ಮೇಲಿನ ಪಟ್ಟಿಯಲ್ಲಿತ್ತು.