ಐದು ಪೌಂಡಿನ ಆವಿಕೊಳವೆ: ಗುಣವೆಷ್ಟು, ದೋಷವೆಷ್ಟು?

ಕತೆ, ಕವಿತೆ, ಸಿನೆಮಾಗಳ ಗುಣದೋಷಗಳನ್ನು ತೂಗಿ ನೋಡುವ ಅಭ್ಯಾಸ ನಮಗಿದೆ. ಆದರೆ ನಮ್ಮ ಮಕ್ಕಳ ಜೇಬಿಗೆ ಬಂದು ಸೇರುವ ವಸ್ತುಗಳ ವಿಷಯದಲ್ಲಿ ನಾವು ಒಂದೋ ಬೈದು ಸುಮ್ಮನಾಗುತ್ತೇವೆ, ಇಲ್ಲವೇ ಕೊಂಡು ಸುಮ್ಮನಾಗುತ್ತೇವೆ. ವಸ್ತುವೂ ಒಂದು ಕೃತಿಯೇ. ಅದನ್ನು ಯಾರೋ ಕುಳಿತು ಯೋಚಿಸಿ ರೂಪಿಸಿರುತ್ತಾರೆ. ಅದಕ್ಕೊಂದು ಭಾಷೆ ಇರುತ್ತದೆ, ಅದು ಯಾರನ್ನೋ ಉದ್ದೇಶಿಸಿ ಮಾತಾಡುತ್ತಿರುತ್ತದೆ. ಆದ್ದರಿಂದ ಅದನ್ನೂ ಕೃತಿಯಂತೆಯೇ ಓದಬೇಕು, ಗುಣವಿದ್ದರೆ ಗುಣವನ್ನೂ ದೋಷವಿದ್ದರೆ ದೋಷವನ್ನೂ ಹೇಳಬೇಕು.

ಇಲ್ಲಿ ನಾವು ಎತ್ತಿಕೊಂಡಿರುವುದು 'ವೇಪ್' ಎಂದು ಕರೆಯಲಾಗುವ ಇ-ಸಿಗರೇಟನ್ನು. ಅದರಲ್ಲೂ ಅತ್ಯಂತ ಅಗ್ಗದ, ಒಮ್ಮೆ ಬಳಸಿ ಎಸೆಯುವ ಬಗೆಯನ್ನು. 2021ರಿಂದ 2025ರವರೆಗೆ ಬ್ರಿಟನ್ನಿನ ಬೀದಿಬೀದಿಯ ಅಂಗಡಿಗಳಲ್ಲಿ ಮಾರಾಟವಾದ 'ಎಲ್ಫ್ ಬಾರ್ 600' ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ದೇಶದಲ್ಲಿ ಇಂತಹ ಸಾಧನಗಳು ನಿಷಿದ್ಧ. ಕಳ್ಳದಾರಿಯಲ್ಲಿ ಬಂದ ಸರಕಿನೊಳಗೆ ಏನಿದೆ ಎಂಬುದಕ್ಕೆ ಯಾರೂ ಜವಾಬ್ದಾರರಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಅದು ಕಾನೂನಿನ ಒಪ್ಪಿಗೆ ಪಡೆದು ಬಹಿರಂಗವಾಗಿ ಮಾರಾಟವಾಯಿತು, ಚರ್ಚೆಗೊಳಗಾಯಿತು, ಕಡೆಗೆ ನಿಷೇಧಕ್ಕೂ ಒಳಗಾಯಿತು. ಹೀಗಾಗಿ ಅದರ ಲೆಕ್ಕ ನಮ್ಮ ಕಣ್ಣೆದುರಿಗಿದೆ.

ಬೆರಳುದ್ದದ, ಬಣ್ಣಬಣ್ಣದ ಒಂದು ಕೊಳವೆ. ಒತ್ತಲು ಗುಂಡಿಯಿಲ್ಲ, ಹಚ್ಚಲು ಬೆಂಕಿಯಿಲ್ಲ. ತುಟಿಗಿಟ್ಟು ಎಳೆದರೆ ಒಳಗಿನ ಪುಟ್ಟ ಸಂವೇದಕವೊಂದು ಗಾಳಿಯ ಸೆಳೆತವನ್ನು ಗುರುತಿಸುತ್ತದೆ. ಆಗ ಬ್ಯಾಟರಿಯಿಂದ ವಿದ್ಯುತ್ ಹರಿದು ತಂತಿಯ ಸುರುಳಿ ಕಾಯುತ್ತದೆ, ದ್ರವ ಆವಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆಯ ರಾಸಾಯನಿಕಗಳು ಮತ್ತು ನಿಕೋಟಿನ್, ಇಷ್ಟೇ ಆ ದ್ರವ. ಬ್ರಿಟನ್ನಿನ ಕಾನೂನಿನ ಪ್ರಕಾರ ಅದು 2 ಮಿಲಿಲೀಟರ್ ಮೀರಬಾರದು, ಪ್ರತಿ ಮಿಲಿಲೀಟರಿಗೆ ನಿಕೋಟಿನ್ 20 ಮಿಲಿಗ್ರಾಂ ಮೀರಬಾರದು. ಅಂದರೆ ಒಂದು ಕೊಳವೆಯಲ್ಲಿ ಹೆಚ್ಚೆಂದರೆ 40 ಮಿಲಿಗ್ರಾಂ ನಿಕೋಟಿನ್. ಇದರಿಂದ ಸುಮಾರು 600 ಸಲ ಎಳೆಯಬಹುದು ಎಂಬುದು ಕಂಪೆನಿಯ ಮಾತು. ಹೆಸರಿನಲ್ಲಿರುವ 600 ಅದೇ. ಬೆಲೆ ಐದಾರು ಪೌಂಡು. ಮುಗಿದ ಮೇಲೆ ತುಂಬುವಂತಿಲ್ಲ, ಚಾರ್ಜು ಮಾಡುವಂತಿಲ್ಲ, ಎಸೆಯಬೇಕು.

ಇದರ ಹುಟ್ಟಿನ ಕತೆ ಕೆಟ್ಟ ಉದ್ದೇಶದ್ದೇನೂ ಅಲ್ಲ. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬವರು ಹೊಗೆಯಿಲ್ಲದ ಸಿಗರೇಟೊಂದಕ್ಕೆ 1965ರಲ್ಲೇ ಪೇಟೆಂಟು ಪಡೆದಿದ್ದರು. ಆದರೆ ಅದು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲ. ಇಂದಿನ ರೂಪ ಕೊಟ್ಟವರು ಚೀನಾದ ಔಷಧ ತಜ್ಞ ಹೋನ್ ಲಿಕ್. ಅದು 2003ರ ಸುಮಾರಿಗೆ. ಅವರು ಸ್ವತಃ ವಿಪರೀತ ಸಿಗರೇಟು ಸೇದುತ್ತಿದ್ದವರು. ಅವರ ತಂದೆಯೂ ಸೇದುತ್ತಿದ್ದರು, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಚಟ ಬಿಡಲಾಗದವನ ಸಂಕಟದಿಂದ ಹುಟ್ಟಿದ ಸಾಧನ ಚಟವೇ ಇಲ್ಲದ ಮಕ್ಕಳ ಕೈಗೆ ಹೇಗೆ ಬಂತು? ನಮ್ಮ ವಿಮರ್ಶೆಯ ಪ್ರಶ್ನೆ ಇದು.

ಮೊದಲು ಗುಣಗಳನ್ನು ಹೇಳಿಬಿಡೋಣ. ಸಿಗರೇಟಿನಲ್ಲಿ ಕೊಲ್ಲುವುದು ಮುಖ್ಯವಾಗಿ ಹೊಗೆ, ಅಂದರೆ ಎಲೆ ಸುಟ್ಟಾಗ ಹುಟ್ಟುವ ಟಾರು, ಕಾರ್ಬನ್ ಮೊನಾಕ್ಸೈಡ್ ಮತ್ತು ಇತರ ಸಾವಿರಾರು ರಾಸಾಯನಿಕಗಳು. ನಿಕೋಟಿನ್ ಮನುಷ್ಯನನ್ನು ಕಟ್ಟಿಹಾಕುತ್ತದೆ, ಹೊಗೆ ಅವನನ್ನು ಮುಗಿಸುತ್ತದೆ. ಈ ಕೊಳವೆಯಲ್ಲಿ ಏನೂ ಸುಡುವುದಿಲ್ಲ. ಇ-ಸಿಗರೇಟು ಸಿಗರೇಟಿಗಿಂತ ಶೇ. 95ರಷ್ಟು ಕಡಿಮೆ ಹಾನಿಕರ ಎಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆ ಅಂಕಿಯ ಆಧಾರ ದುರ್ಬಲವೆಂದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಟೀಕಿಸಿತು. ಅಂಕಿಯ ಜಗಳ ಏನೇ ಇರಲಿ, ಸೇದುವವನು ಸಿಗರೇಟನ್ನು ಪೂರ್ತಿ ಬಿಟ್ಟು ಇದಕ್ಕೆ ಬಂದರೆ ಅವನಿಗಾಗುವ ಹಾನಿ ಬಹಳಷ್ಟು ಇಳಿಯುತ್ತದೆ ಎಂಬುದನ್ನು ಅಲ್ಲಿನ ವೈದ್ಯರ ಪ್ರಮುಖ ಸಂಸ್ಥೆಗಳು ಒಪ್ಪಿವೆ. ದೀರ್ಘಕಾಲದ ಪರಿಣಾಮಗಳು ಪೂರ್ತಿ ತಿಳಿಯುವಷ್ಟು ಹಳೆಯ ವಸ್ತು ಇದಲ್ಲ ಎಂಬುದನ್ನೂ ಜೊತೆಗೇ ನೆನಪಿಡಬೇಕು.

ಇನ್ನೊಂದು ಗುಣ ಅದರ ಅಗ್ಗ ಮತ್ತು ಸರಳತೆ. ಇಪ್ಪತ್ತು ಸಿಗರೇಟಿನ ಪ್ಯಾಕಿಗೆ ಬ್ರಿಟನ್ನಿನಲ್ಲಿ ಹತ್ತು ಪೌಂಡಿಗೂ ಹೆಚ್ಚು ಕೊಡಬೇಕಿದ್ದ ಕಾಲದಲ್ಲಿ ಇದು ಅದರ ಅರ್ಧಕ್ಕೆ ಸಿಗುತ್ತಿತ್ತು. ದುಡಿಯುವ ವರ್ಗದ ಬಡವರೇ ಅಲ್ಲಿ ಹೆಚ್ಚು ಸೇದುವವರು ಎಂಬುದನ್ನು ಗಮನಿಸಿದರೆ ಇದು ಸಣ್ಣ ಮಾತಲ್ಲ. ನಲವತ್ತು ವರ್ಷ ಸೇದಿ ಕೈ ನಡುಗುವ ಮುದುಕನೊಬ್ಬನಿಗೆ ದ್ರವ ತುಂಬುವ, ಸುರುಳಿ ಬದಲಿಸುವ ರಗಳೆಯಿಲ್ಲ. ಬಾಯಿಗಿಟ್ಟರೆ ಆಯಿತು. ಬಿಡಬೇಕೆಂದುಕೊಂಡವನು ಮೊದಲ ಹೆಜ್ಜೆ ಇಡಲು ಇಷ್ಟು ಸುಲಭದ ದಾರಿ ಹಿಂದೆ ಇರಲಿಲ್ಲ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ವೇಪ್ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಮುಂದಿಡುವ ಪ್ರಯೋಗವೊಂದು 2019ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ನೆರವು ಕೇಳಿ ಬಂದ 886 ಜನರ ಮೇಲೆ ನಡೆದ ಪ್ರಯೋಗವದು. ಒಂದು ವರ್ಷದ ನಂತರ ಇ-ಸಿಗರೇಟಿನ ಗುಂಪಿನಲ್ಲಿ ಶೇ. 18 ಮಂದಿ, ನಿಕೋಟಿನ್ ಪಟ್ಟಿ, ಗಮ್ ಮುಂತಾದವುಗಳನ್ನು ಬಳಸಿದ ಗುಂಪಿನಲ್ಲಿ ಶೇ. 9.9 ಮಂದಿ ಸಿಗರೇಟು ಬಿಟ್ಟಿದ್ದರು. ಹೆಚ್ಚುಕಡಿಮೆ ಎರಡು ಪಟ್ಟು. ಇದು ನಿಜಕ್ಕೂ ದೊಡ್ಡ ಫಲ. ಆದರೆ ಅಲ್ಲಿ ಕೊಟ್ಟದ್ದು ಮತ್ತೆ ಮತ್ತೆ ದ್ರವ ತುಂಬುವ ಸಾಧನ, ಎಸೆಯುವ ಕೊಳವೆಯಲ್ಲ. ಅದರ ಜೊತೆಗೆ ವಾರವಾರ ಆಪ್ತ ಸಲಹೆಯೂ ಇತ್ತು. ಅಂಗಡಿಯಲ್ಲಿ ಐದು ಪೌಂಡಿಗೆ ಕೊಂಡವನಿಗೆ ಸಲಹೆ ಹೇಳುವವರು ಯಾರು? ಇನ್ನೂ ಒಂದು ಮಾತಿದೆ. ಹಾಗೆ ಸಿಗರೇಟು ಬಿಟ್ಟವರಲ್ಲಿ ಶೇ. 80 ಮಂದಿ ವರ್ಷದ ನಂತರವೂ ಇ-ಸಿಗರೇಟು ಎಳೆಯುತ್ತಲೇ ಇದ್ದರು. ಇನ್ನೊಂದು ಗುಂಪಿನಲ್ಲಿ ಹಾಗೆ ಪಟ್ಟಿ, ಗಮ್ಮಿಗೆ ಅಂಟಿಕೊಂಡವರು ಶೇ. 9 ಮಾತ್ರ. ಸಿಗರೇಟು ಬಿಟ್ಟಿತು, ನಿಕೋಟಿನ್ ಬಿಡಲಿಲ್ಲ. ಕ್ಯಾನ್ಸರಿನ ಭಯದಲ್ಲಿರುವವನಿಗೆ ಈ ವ್ಯಾಪಾರ ಲಾಭದ್ದೇ. ಆದರೆ ಇದನ್ನು ಬಿಡುಗಡೆ ಎಂದು ಕರೆಯಲಾಗದು.

ಇನ್ನು ದೋಷಗಳ ಕಡೆ ಬರೋಣ. ಕತೆ ಬರೆಯುವವರಾಗಿ ನಾವು ಮೊದಲು ಗಮನಿಸುವುದು ಭಾಷೆಯನ್ನು. ಕಲ್ಲಂಗಡಿ, ಬ್ಲೂ ರಾಝ್ ಲೆಮನೇಡ್, ಕಾಟನ್ ಕ್ಯಾಂಡಿ, ಸ್ಟ್ರಾಬೆರಿ ಐಸ್‌ಕ್ರೀಮ್ - ಇವು ಆ ಕೊಳವೆಯ ರುಚಿಗಳ ಹೆಸರುಗಳು. ಕಾಟನ್ ಕ್ಯಾಂಡಿ ಎಂದರೆ ನಮ್ಮ ಜಾತ್ರೆ, ಉರೂಸುಗಳಲ್ಲಿ ಮಕ್ಕಳು ಅತ್ತು ಕೊಡಿಸಿಕೊಳ್ಳುವ ಬೊಂಬಾಯಿ ಮಿಠಾಯಿ. ನಲವತ್ತು ವರ್ಷ ಸೇದಿದ ಮುದುಕನಿಗಾಗಿ ಈ ಹೆಸರನ್ನು ಆರಿಸಿದರೆಂದು ನಂಬುವುದು ಕಷ್ಟ. ದೊಡ್ಡವರಿಗೂ ಸಿಹಿ ಇಷ್ಟ, ತಂಬಾಕಿನ ನೆನಪನ್ನು ಮರೆಸಲು ಹಣ್ಣಿನ ರುಚಿ ನೆರವಾಗುತ್ತದೆ ಎಂಬ ಸಮರ್ಥನೆಯಲ್ಲಿ ಸ್ವಲ್ಪ ಹುರುಳಿದೆ. ಆದರೆ ರುಚಿ ಬೇರೆ, ಆ ರುಚಿಗೆ ಕೊಡುವ ಹೆಸರು ಮತ್ತು ಬಳಿಯುವ ಬಣ್ಣ ಬೇರೆ. ಪೊಟ್ಟಣದ ಮೇಲೆ ಕಾನೂನು ಬರೆಸಿದ ಎಚ್ಚರಿಕೆ ಕಪ್ಪು ಅಕ್ಷರದಲ್ಲಿ ಒಂದು ಮಾತು ಹೇಳುತ್ತಿದ್ದರೆ, ಅದರ ಪಕ್ಕದ ಗುಲಾಬಿ ಬಣ್ಣ ಮಗುವಿಗೆ ಇನ್ನೊಂದನ್ನು ಹೇಳುತ್ತಿತ್ತು.

ಫಲಿತಾಂಶ ಅಂಕಿಗಳಲ್ಲಿದೆ. ಧೂಮಪಾನದ ವಿರುದ್ಧ ಕೆಲಸ ಮಾಡುವ ಬ್ರಿಟನ್ನಿನ 'ಆಶ್' ಸಂಸ್ಥೆಯ ಸಮೀಕ್ಷೆಗಳ ಪ್ರಕಾರ, ವೇಪ್ ಎಳೆಯುವ 11ರಿಂದ 17 ವಯಸ್ಸಿನವರಲ್ಲಿ ಎಸೆಯುವ ಬಗೆಯನ್ನೇ ಹೆಚ್ಚಾಗಿ ಬಳಸುವವರು 2021ರಲ್ಲಿ ಶೇ. 8ರೊಳಗಿದ್ದರು. 2022ರಲ್ಲಿ ಅದು ಶೇ. 52ಕ್ಕೂ 2023ರಲ್ಲಿ ಶೇ. 69ಕ್ಕೂ ಏರಿತು. ಹದಿನೆಂಟಕ್ಕಿಂತ ಕೆಳಗಿನವರಿಗೆ ಮಾರುವುದು ಇಂಗ್ಲೆಂಡಿನಲ್ಲಿ 2015ರಿಂದಲೇ ಅಪರಾಧವಾಗಿದ್ದರೂ ಹೀಗಾಯಿತು. ಬಡ ಧೂಮಪಾನಿಗೆ ವರವಾದ ಐದು ಪೌಂಡಿನ ಬೆಲೆಯೇ ಶಾಲೆಯ ಹುಡುಗನ ಜೇಬುಖರ್ಚಿಗೂ ಎಟುಕಿತು. ಒಂದೇ ಬೆಲೆ ಒಬ್ಬರಿಗೆ ಗುಣ, ಇನ್ನೊಬ್ಬರಿಗೆ ದೋಷ. ಈ ಸಾಧನದ ಎಲ್ಲ ತಕರಾರಿನ ಬೇರು ಇಲ್ಲಿದೆ.

ಉರ್ದುವಿನಲ್ಲಿ ಶೌಕ್, ಆದತ್, ಲತ್ ಎಂಬ ಮೂರು ಮಾತುಗಳಿವೆ. ಶೌಕ್ ಎಂದರೆ ಖುಷಿಗಾಗಿ ಮಾಡುವುದು, ಆದತ್ ಎಂದರೆ ರೂಢಿಯಾದದ್ದು, ಲತ್ ಎಂದರೆ ಬಿಟ್ಟರೂ ಬಿಡದ ಚಟ. ಶೌಕಿನಿಂದ ಲತ್ತಿನವರೆಗಿನ ದಾರಿಯಲ್ಲಿ ಸಿಗರೇಟು ಒಂದಿಷ್ಟು ಅಡ್ಡಿಗಳನ್ನು ಇಡುತ್ತಿತ್ತು. ಮೊದಲ ದಮ್ಮಿಗೆ ಗಂಟಲು ಉರಿಯುತ್ತಿತ್ತು, ಕೆಮ್ಮು ಬರುತ್ತಿತ್ತು. ಬಟ್ಟೆಗೆ ವಾಸನೆ ಹತ್ತಿ ಅಮ್ಮನಿಗೆ ಗೊತ್ತಾಗುತ್ತಿತ್ತು. ಹಚ್ಚಿದ ಸಿಗರೇಟು ಕೆಲವು ನಿಮಿಷಗಳಲ್ಲಿ ಮುಗಿದು, ಇನ್ನೊಂದು ಬೇಕೇ ಎಂದು ಕೇಳುತ್ತಿತ್ತು. ಈ ಕೊಳವೆ ಆ ಅಡ್ಡಿಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿತು. ನಿಕೋಟಿನ್ ಲವಣ ಎಂಬ ರೂಪವನ್ನು ಬಳಸಿದ್ದರಿಂದ ಗಂಟಲು ಉರಿಯದೆಯೇ ಹೆಚ್ಚು ನಿಕೋಟಿನ್ ಒಳಗಿಳಿಯುತ್ತದೆ. 2015ರಲ್ಲಿ ಅಮೆರಿಕದ ಜೂಲ್ ಕಂಪೆನಿ ಜನಪ್ರಿಯಗೊಳಿಸಿದ ಉಪಾಯವಿದು. ವಾಸನೆ ಹಣ್ಣಿನದು, ಅದೂ ಕ್ಷಣದಲ್ಲಿ ಮಾಯ. ಮುಗಿಯುವ ಗಡಿಯೇ ಇಲ್ಲ. ತರಗತಿಯ ಹಿಂದಿನ ಬೆಂಚಿನಲ್ಲಿ, ಹಾಸಿಗೆಯ ಹೊದಿಕೆಯೊಳಗೆ ಎಷ್ಟು ಸಲ ಎಳೆದೆ ಎಂಬ ಲೆಕ್ಕ ಎಳೆದವನಿಗೂ ಸಿಗುವುದಿಲ್ಲ. ಸರಳತೆ ಎಂದು ನಾವು ಮೇಲೆ ಹೊಗಳಿದ ಗುಣವೇ ಇಲ್ಲಿ ಬಲೆಯಾಗಿದೆ.

ಎರಡನೆಯ ದೋಷ ಕಸ. ಆ ಕೊಳವೆಯೊಳಗಿನ ಬ್ಯಾಟರಿ ಮೊಬೈಲಿನಲ್ಲಿರುವಂತಹ ಲಿಥಿಯಂ ಅಯಾನ್ ಜಾತಿಯದು, ಮತ್ತೆ ಮತ್ತೆ ಚಾರ್ಜು ಮಾಡಬಹುದಾದದ್ದು. ಅಂತಹ ಬ್ಯಾಟರಿಗಳನ್ನು ಬಿಡಿಸಿ ಪರೀಕ್ಷಿಸಿದ ಬ್ರಿಟನ್ನಿನ ಸಂಶೋಧಕರು ಅವು ನೂರಾರು ಸಲ ಚಾರ್ಜು ತಾಳುತ್ತವೆಂದು 2023ರಲ್ಲಿ ತೋರಿಸಿದರು. ನೂರಾರು ಸಲ ದುಡಿಯಬಲ್ಲ ಬ್ಯಾಟರಿಯನ್ನು ಒಂದೇ ಸಲ ಬಳಸಿ ಚರಂಡಿಗೆಸೆಯುವುದು! ಅದೇ ವರ್ಷ 'ಮೆಟೀರಿಯಲ್ ಫೋಕಸ್' ಸಂಸ್ಥೆ ಕೊಟ್ಟ ಲೆಕ್ಕದಂತೆ ಬ್ರಿಟನ್ನಿನಲ್ಲಿ ವಾರಕ್ಕೆ ಸುಮಾರು 50 ಲಕ್ಷ ಕೊಳವೆಗಳು ಕಸಕ್ಕೆ ಬೀಳುತ್ತಿದ್ದವು. ಜಜ್ಜಿಹೋದ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುತ್ತದೆ. ಅದರ ಅಪಾಯ ಕಸದ ಲಾರಿಯಲ್ಲಿ ದುಡಿಯುವ ಬಡವನಿಗೆ. ಐದು ಪೌಂಡಿನ ಬೆಲೆಯಲ್ಲಿ ಈ ಖರ್ಚು ಸೇರಿರಲಿಲ್ಲ, ಅದಕ್ಕೇ ಅದು ಅಗ್ಗವಾಗಿತ್ತು.

ಮೂರನೆಯದು ನಂಬಿಕೆಯ ಪ್ರಶ್ನೆ. 2023ರ ಫೆಬ್ರುವರಿಯಲ್ಲಿ ಕೆಲವು ಎಲ್ಫ್ ಬಾರ್ 600 ಕೊಳವೆಗಳಲ್ಲಿ ಕಾನೂನಿನ ಮಿತಿಗಿಂತ ಹೆಚ್ಚು ದ್ರವ ಇರುವುದು ಬಯಲಾಗಿ, ದೊಡ್ಡ ಅಂಗಡಿಗಳು ಅವನ್ನು ಕಪಾಟಿನಿಂದ ಇಳಿಸಿದವು. ಅಚಾತುರ್ಯದಿಂದ ಹೀಗಾಯಿತೆಂದು ಕಂಪೆನಿ ಹೇಳಿತು. ಬಿಗಿ ಕಾನೂನಿರುವ ನಾಡಿನಲ್ಲೇ ಹೀಗಾದರೆ ಕಾನೂನಿನ ಹೊರಗಿನ ಸರಕಿನ ಗತಿಯೇನು? ಅಮೆರಿಕದಲ್ಲಿ 2019ರಲ್ಲಿ ವೇಪ್ ಎಳೆದವರಿಗೆ ತೀವ್ರ ಶ್ವಾಸಕೋಶದ ಕಾಯಿಲೆ ಬಂದು, 2020ರ ಫೆಬ್ರುವರಿಯೊಳಗೆ 2,807 ಮಂದಿ ಆಸ್ಪತ್ರೆ ಸೇರಿದರು, 68 ಮಂದಿ ಸತ್ತರು. ಅದರ ಮುಖ್ಯ ಕಾರಣ ಮಾಮೂಲಿ ನಿಕೋಟಿನ್ ದ್ರವವಲ್ಲ, ಬಹುಪಾಲು ಕಳ್ಳಸಂತೆಯ ಗಾಂಜಾ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಈ ವ್ಯತ್ಯಾಸವನ್ನು ಮರೆಮಾಚಿ ಹೆದರಿಸುವುದು ಸರಿಯಲ್ಲ. ಆದರೆ ಹೆಸರು, ವಿಳಾಸವಿಲ್ಲದ ದ್ರವವನ್ನು ಎದೆಯೊಳಗೆ ಎಳೆದುಕೊಳ್ಳುವವರಿಗೆ ಅದರಲ್ಲಿ ಪಾಠವಿದೆ.

ಕಡೆಗೆ 2025ರ ಜೂನ್ 1ರಿಂದ ಬ್ರಿಟನ್ನಿನಾದ್ಯಂತ ಎಸೆಯುವ ವೇಪ್‌ಗಳ ಮಾರಾಟ ನಿಂತಿತು. ಕಂಪೆನಿಗಳು ಸುಮ್ಮನಿರಲಿಲ್ಲ. ಅದೇ ಆಕಾರ, ಅದೇ ಬಣ್ಣ, ಹತ್ತಿರಹತ್ತಿರ ಅದೇ ಬೆಲೆ. ಕೆಳಗೆ ಚಾರ್ಜು ಮಾಡುವ ರಂಧ್ರ, ಮೇಲೆ ಬದಲಿಸಬಹುದಾದ ದ್ರವದ ಡಬ್ಬಿ. ಇದು ಕಾನೂನಿಗೆ ಸಾಕು. ಕಸದ ಸಮಸ್ಯೆಗೆ ಇದು ಅರ್ಧ ಉತ್ತರವಾದೀತು, ಮಕ್ಕಳ ಸಮಸ್ಯೆಗೆ ಉತ್ತರವಾಗದು.

ಈಗ ನಮ್ಮ ನೆಲಕ್ಕೆ ಬರೋಣ. ಕರ್ನಾಟಕ ಸರಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರ ಸರಕಾರ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾನೂನು ತಂದು ತಯಾರಿ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವನ್ನೂ ನಿಲ್ಲಿಸಿತು. ಮಾರಾಟ, ಆಮದುಗಳಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದೇ 2019ರಲ್ಲಿ ಅರಬ್ ಸಂಯುಕ್ತ ಸಂಸ್ಥಾನ ಇದರ ಮಾರಾಟಕ್ಕೆ ಅನುಮತಿ ಕೊಟ್ಟಿತು. ದುಬೈಯಲ್ಲಿ ಅಂಗಡಿಯಲ್ಲಿ ಸಿಗುವ ವಸ್ತು ಮಂಗಳೂರಿನಲ್ಲಿ ಇಳಿದ ಕೂಡಲೇ ಅಪರಾಧದ ಸರಕಾಗುತ್ತದೆ. ಕೊಲ್ಲಿಯಿಂದ ರಜೆಗೆ ಬರುವ ನಮ್ಮ ಕರಾವಳಿಯ ಹುಡುಗರು ತಮ್ಮನಿಗೊಂದು, ಗೆಳೆಯನಿಗೊಂದು ಎಂದು ಪೆಟ್ಟಿಗೆಯಲ್ಲಿಟ್ಟು ತರುವ ಮುನ್ನ ಇದನ್ನು ತಿಳಿದಿರಬೇಕು.

ಮಕ್ಕಳನ್ನು ಕಾಯುವ ದೃಷ್ಟಿಯಿಂದ ನಿಷೇಧವನ್ನು ನಾವು ವಿರೋಧಿಸಲಾರೆವು. ಆದರೆ ಅದರ ನೆರಳಲ್ಲಿ ಒಂದು ಅಸಂಗತಿ ಅಡಗಿದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ದೇಶದ ವಯಸ್ಕರಲ್ಲಿ ಶೇ. 28.6 ಮಂದಿ ತಂಬಾಕಿಗೆ ಅಂಟಿಕೊಂಡವರು. ಬೀಡಿ ಸೇದುವವರು ಶೇ. 7.7, ಸಿಗರೇಟು ಸೇದುವವರು ಶೇ. 4, ಜಗಿಯುವ, ಉಜ್ಜುವ ತಂಬಾಕಿನವರು ಶೇ. 21.4. ಅಂದರೆ ನಮ್ಮಲ್ಲಿ ಕೊಲ್ಲುವ ವಸ್ತು ಬೀಡಿ ಮತ್ತು ಜರ್ದಾ, ಖೈನಿ. ಅವು ಮೂಲೆಮೂಲೆಯ ಗೂಡಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ದಕ್ಷಿಣ ಕನ್ನಡದ ಸಾವಿರಾರು ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ತೂಗಿಸಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಅವರ ಅನ್ನದ ಪ್ರಶ್ನೆ ಇತ್ಯರ್ಥವಾಗದೆ ಬೀಡಿಯ ಮಾತೆತ್ತುವುದು ಸುಲಭವಲ್ಲ. ಹಿಂದೆ ಕಾರ್ಮಿಕರಿಲ್ಲದ, ಇಲ್ಲಿ ಇನ್ನೂ ಬೇರೂರದ ವೇಪ್ ಸುಲಭದ ಗುರಿಯಾಯಿತು. ಸುಲಭದ ಗುರಿಗೆ ಹೊಡೆದದ್ದು ತಪ್ಪಲ್ಲ, ಅಲ್ಲಿಗೆ ಕೆಲಸ ಮುಗಿಯಿತೆಂದು ತಿಳಿದರೆ ತಪ್ಪು.

ಹಾಗಾದರೆ ತೀರ್ಮಾನವೇನು? ಯಾವ ದಾರಿಯಲ್ಲೂ ಸಿಗರೇಟು ಬಿಡಲಾಗದ ವಯಸ್ಕನಿಗೆ, ಅದನ್ನು ಕಾನೂನು ಒಪ್ಪುವ ದೇಶದಲ್ಲಿ, ದ್ರವ ತುಂಬುವ ಸಾಧನ, ವೈದ್ಯರ ಸಲಹೆ, ನಿಲ್ಲಿಸುವ ದಿನದ ಸಂಕಲ್ಪ ಇವು ಮೂರೂ ಜೊತೆಗಿದ್ದರೆ ವೇಪ್ ಒಂದು ಸಹನೀಯ ಊರುಗೋಲು. ಎಂದೂ ಸೇದದವನಿಗೆ ಅದರಿಂದ ಒಂದೂ ಲಾಭವಿಲ್ಲ, ಬರೀ ನಷ್ಟ. ಐದು ಪೌಂಡಿನ ಕೊಳವೆ ಮೊದಲಿನವನ ಹೆಸರು ಹೇಳಿಕೊಂಡು ಬಂದು ಎರಡನೆಯವನಿಂದ ದುಡಿಯಿತು. ಕೃತಿಯಾಗಿ ಅದು ಸೋತಿರುವುದು ಇಲ್ಲಿ.

ನಮ್ಮಲ್ಲಿ ಬೀಡಿ, ಸಿಗರೇಟು, ಜರ್ದಾ ಬಿಡಬೇಕೆನ್ನುವವರಿಗೆ ಸರಕಾರದ ಉಚಿತ ದೂರವಾಣಿ ಇದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಕೇಂದ್ರಗಳಲ್ಲೊಂದು. ಇದನ್ನು ಬರೆದುಕೊಂಡು ಮನೆಯ ಹಿರಿಯರಿಗೆ ಕೊಡಿ. ಕಿರಿಯರ ಜೊತೆ ಕುಳಿತು ಮಾತಾಡುವಾಗ ಹೆದರಿಸಲು ಉತ್ಪ್ರೇಕ್ಷೆ ಮಾಡಬೇಡಿ. ಈ ಕೊಳವೆಯಲ್ಲಿ ಏನಿದೆ, ಅದನ್ನು ಯಾರು ಯಾಕೆ ಇಷ್ಟು ಅಗ್ಗ ಮಾಡಿದರು ಎಂಬ ನಿಜವನ್ನೇ ಹೇಳಿ. ಅವರಿಗೆ ಅರ್ಥವಾಗುತ್ತದೆ.