ಜೌಗುಹಕ್ಕಿಗಳ ಗುರುತು: ಬಣ್ಣವನ್ನು ಎಷ್ಟು ನಂಬಬೇಕು?

ಒಂದನ್ನೊಂದು ಹೋಲುವ ಜೌಗುಹಕ್ಕಿಗಳನ್ನು ಗುರುತಿಸುವಾಗ ಹೆಚ್ಚಿನವರು ಮೊದಲು ನೆಚ್ಚುವುದು ಬಣ್ಣವನ್ನು. ಈ ರೂಢಿಯ ಬಲವೂ ದೌರ್ಬಲ್ಯವೂ ಗಂಗಾವತಿ ಸೀಮೆಯ ಗದ್ದೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಈ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಭತ್ತದ ಮಡಿಗಳನ್ನು ತಿಂಗಳುಗಟ್ಟಲೆ ಜೌಗಾಗಿಡುತ್ತದೆ. ಬೆಳ್ಳಕ್ಕಿಗಳು ಅಲ್ಲಿ ವರ್ಷವಿಡೀ ಇರುತ್ತವೆ. ಗದ್ದೆಗೊರವಗಳು ಉತ್ತರದ ದೂರದ ನಾಡುಗಳಿಂದ ಚಳಿಗಾಲಕ್ಕೆ ಬರುತ್ತವೆ.

ಬೆಳ್ಳಕ್ಕಿಗಳಲ್ಲಿ ಬಣ್ಣ ಅರ್ಧ ದಾರಿಯವರೆಗೆ ಮಾತ್ರ ಕೈಹಿಡಿಯುತ್ತದೆ. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದವಿದ್ದರೆ ಅದು ಚಿಕ್ಕ ಬೆಳ್ಳಕ್ಕಿ. ಆದರೆ ದೊಡ್ಡ ಬೆಳ್ಳಕ್ಕಿ ಮತ್ತು ಮಧ್ಯಮ ಬೆಳ್ಳಕ್ಕಿಗಳ ಹಳದಿ ಕೊಕ್ಕು ಮರಿ ಮಾಡುವ ಕಾಲದಲ್ಲಿ ಕಪ್ಪಾಗುತ್ತದೆ. ಗೋವಕ್ಕಿಯ ತಲೆ, ಕತ್ತು, ಬೆನ್ನಿಗೆ ಆಗ ಬರುವ ಕಿತ್ತಳೆ ಛಾಯೆ ಉಳಿದ ತಿಂಗಳುಗಳಲ್ಲಿ ಇರುವುದಿಲ್ಲ. ಋತುವಿಗೆ ಬದಲಾಗದ ಗುರುತು ಬಾಯಿಯ ಸೀಳು: ಮಧ್ಯಮ ಬೆಳ್ಳಕ್ಕಿಯಲ್ಲಿ ಅದು ಕಣ್ಣಿನ ಕೆಳಗೇ ಮುಗಿಯುತ್ತದೆ, ದೊಡ್ಡದರಲ್ಲಿ ಕಣ್ಣನ್ನು ದಾಟಿ ಹಿಂದಕ್ಕೆ ಚಾಚುತ್ತದೆ. ದೊಡ್ಡದರ ನೀಳ ಕತ್ತಿನ ನಡುವಿನ ಚೂಪು ತಿರುವು ದೂರದಿಂದಲೇ ಕಾಣುತ್ತದೆ. ಗೋವಕ್ಕಿಯದು ಗಿಡ್ಡ ಕತ್ತು, ದಪ್ಪ ಗದ್ದ. ದನದ ಹಿಂದೆಯೋ ಟ್ರ್ಯಾಕ್ಟರ್ ಹಿಂದೆಯೋ ಹುಳ ಹೆಕ್ಕುವ ನಡೆ.

ಗದ್ದೆಗೊರವಗಳಲ್ಲಿ ಬಣ್ಣದ ಸಾಕ್ಷ್ಯ ಇನ್ನೂ ದುರ್ಬಲ. ಅಡವಿ, ಹಸಿರು, ಸಾಮಾನ್ಯ ಗದ್ದೆಗೊರವಗಳು ಮೂರೂ ಕಂದು ಬೆನ್ನಿನ, ಬಿಳಿ ಹೊಟ್ಟೆಯ ಹಕ್ಕಿಗಳು. ಕೆಸರು ಮೆತ್ತಿದರೆ ಕಾಲಿನ ಬಣ್ಣವೂ ತಿಳಿಯದು. ಅಡವಿ ಗದ್ದೆಗೊರವದ ಬಿಳಿ ಹುಬ್ಬು ಕಣ್ಣಿನ ಹಿಂದಕ್ಕೂ ಸಾಗುತ್ತದೆ. ಹಸಿರು ಗದ್ದೆಗೊರವದ್ದು ಕಣ್ಣಿನ ಮುಂದೆಯೇ ನಿಲ್ಲುತ್ತದೆ. ಹಾರಿದಾಗ ಎರಡರ ಬಾಲದ ಬುಡವೂ ಬಿಳಿ, ಆದರೆ ರೆಕ್ಕೆಯ ಅಡಿಭಾಗ ಮೊದಲನೆಯದರಲ್ಲಿ ತಿಳಿ, ಎರಡನೆಯದರಲ್ಲಿ ಹೆಚ್ಚುಕಡಿಮೆ ಕಪ್ಪು. ಸಾಮಾನ್ಯ ಗದ್ದೆಗೊರವಕ್ಕೆ ಹೆಗಲ ಮುಂದೆ ಏರಿರುವ ಬಿಳಿ ಪಟ್ಟಿಯಿದೆ, ಬಾಲದ ಬುಡದಲ್ಲಿ ಬಿಳಿಯಿಲ್ಲ. ಬಾಲ ಕುಣಿಸುತ್ತಲೇ ನಡೆದು, ರೆಕ್ಕೆಯನ್ನು ಬಿಗಿಯಾಗಿ ಅದುರಿಸುತ್ತ ನೀರಿನ ಮೇಲೆ ತಗ್ಗಾಗಿ ಹಾರುತ್ತದೆ. ಮೂರರ ಕೂಗೂ ಬೇರೆ ಬೇರೆ. ಕಿವಿ ಪಳಗಿದವರಿಗೆ ಹಕ್ಕಿ ಏಳುವ ಕ್ಷಣವೇ ಸಾಕು.

ಜೌಗುಹಕ್ಕಿಗಳ ಇನ್ನೊಂದು ಗುಂಪಾದ ಸ್ನೈಪ್‌ಗಳಲ್ಲಿ ಈ ಎಲ್ಲ ಮಾನದಂಡಗಳೂ ಸೋಲುವುದುಂಟು. ಸಾಮಾನ್ಯ ಸ್ನೈಪ್ ಹಾರುವಾಗ ರೆಕ್ಕೆಯ ಹಿಂದಿನ ಅಂಚಿನಲ್ಲಿ ಎದ್ದು ಕಾಣುವ ಬಿಳಿ ಗೆರೆ ಸೂಜಿಬಾಲದ ಸ್ನೈಪ್‌ನಲ್ಲಿ ಕಾಣುವುದಿಲ್ಲ. ನೆಲದಲ್ಲಿ ಅಡಗಿ ಕೂತ ಹಕ್ಕಿಯನ್ನು ಮಾತ್ರ ಖಚಿತವಾಗಿ ಹೇಳುವುದು ಬಹಳ ಕಷ್ಟ.

ಕೈಪಿಡಿಗಳ ಚಿತ್ರಗಳಲ್ಲಿ ಹಕ್ಕಿ ನಿಶ್ಚಲವಾಗಿ, ಒಳ್ಳೆಯ ಬೆಳಕಿನಲ್ಲಿ ನಿಂತಿರುತ್ತದೆ. ಬಣ್ಣದ ಮೇಲಿನ ಅತಿನಂಬಿಕೆಗೆ ಇದೂ ಒಂದು ಕಾರಣ. 1941ರಲ್ಲಿ ಮೊದಲು ಪ್ರಕಟವಾದ ಸಲೀಂ ಅಲಿಯವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಗುಬ್ಬಿ, ಮೈನಾ, ಕಾಗೆ, ನಾಟಿಕೋಳಿಗಳಂಥ ಪರಿಚಿತ ಹಕ್ಕಿಗಳಿಗೆ ಹೋಲಿಸಿ ಗಾತ್ರ ಹೇಳಿದ್ದು ಇಂದಿಗೂ ಉಪಯುಕ್ತ ಕ್ರಮ. ಕ್ಯಾಮೆರಾ ಬಾಯಿಯ ಸೀಳಿನಂಥ ಸೂಕ್ಷ್ಮಗಳನ್ನು ಹಿಡಿದಿಡುತ್ತದೆ. ಆದರೆ ಒಂದೇ ಚಿತ್ರದಲ್ಲಿ ನಡೆಯೂ ಕೂಗೂ ಸಿಗುವುದಿಲ್ಲ, ಬೆಳಕು ಬಣ್ಣವನ್ನು ತಿರುಚುತ್ತದೆ.

ಪ್ರಭೇದ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸರ್ ಪಟ್ಟಿಗೆ ಸೇರಿತು. ಒಂದು ಪ್ರಭೇದದ ಅಥವಾ ಉಪಪ್ರಭೇದದ ಒಂದು ಸಮೂಹದ ಹಕ್ಕಿಗಳಲ್ಲಿ ಶೇ 1ರಷ್ಟು ನಿಯತವಾಗಿ ಸೇರುವ ತಾಣವೇ ಎಂಬುದು ಆ ಪಟ್ಟಿಯ ಮಾನದಂಡಗಳಲ್ಲೊಂದು. ಇಂಥ ಲೆಕ್ಕಕ್ಕೆ ಗುರುತು ಸರಿಯಿರಬೇಕು. ಹಾಗಾಗಿ ಮೊದಲು ಆಕಾರ, ಬಳಿಕ ನಡೆ ಮತ್ತು ಕೂಗು, ಕೊನೆಗೆ ಬಣ್ಣ ಎಂಬ ಅನುಕ್ರಮವೇ ಹೆಚ್ಚು ವಿಶ್ವಾಸಾರ್ಹ. ಇಷ್ಟಾದರೂ ಸಂಶಯ ಉಳಿದರೆ ‘ಗದ್ದೆಗೊರವ, ಪ್ರಭೇದ ಗೊತ್ತಾಗಿಲ್ಲ’ ಎಂದು ಬರೆದಿಡಬೇಕು. ಊಹೆಯ ಹೆಸರಿಗಿಂತ ಆ ದಾಖಲೆಗೆ ಬೆಲೆ ಹೆಚ್ಚು.