ಅಡಿಕೆಯ ಕಳ್ಳ, ಆನೆಯ ಕಳ್ಳ

2005ರ ಮಾರ್ಚ್‌ನಲ್ಲಿ ಅಮೆರಿಕದ ಬೋಯಿಂಗ್ ವಿಮಾನ ಕಂಪೆನಿಯ ಮುಖ್ಯ ಕಾರ್ಯನಿರ್ವಾಹಕ ಹ್ಯಾರಿ ಸ್ಟೋನ್‌ಸೈಫರ್ ರಾಜೀನಾಮೆ ನೀಡಬೇಕಾಯಿತು. ಕಂಪೆನಿಯ ಮಹಿಳಾ ಅಧಿಕಾರಿಯೊಬ್ಬರೊಡನೆ ಅವರಿಗಿದ್ದ ವಿವಾಹೇತರ ಸಂಬಂಧವೇ ಇದಕ್ಕೆ ಕಾರಣ. ದೂರು ಕೈಸೇರಿದ ಕೆಲವೇ ದಿನಗಳಲ್ಲಿ ಆಡಳಿತ ಮಂಡಳಿ ಅವರನ್ನು ಮನೆಗೆ ಕಳಿಸಿತು. ಪತ್ರಿಕೆಗಳು ಸುದ್ದಿಯನ್ನು ಚಪ್ಪರಿಸಿ ಮರೆತವು. ಆದರೆ ಈ ಮನುಷ್ಯನ ವೃತ್ತಿಜೀವನವನ್ನು ಇಂದು ತಿರುಗಿ ನೋಡಿದಾಗ ನಮ್ಮನ್ನು ಕಾಡುವ ಪ್ರಶ್ನೆಯೇ ಬೇರೆ.

ಟೆನೆಸಿಯ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ ಸ್ಟೋನ್‌ಸೈಫರ್ ಸ್ವಂತ ದುಡಿಮೆಯಿಂದ ಮೇಲೆ ಬಂದವರು. ಜನರಲ್ ಎಲೆಕ್ಟ್ರಿಕ್ ಕಂಪೆನಿಯ ವಿಮಾನ ಎಂಜಿನ್ ವಿಭಾಗದಲ್ಲಿ ಪಳಗಿ, 1994ರಲ್ಲಿ ಮ್ಯಾಕ್‌ಡೊನೆಲ್ ಡಗ್ಲಸ್‌ನ ಮುಖ್ಯಸ್ಥರಾದರು. 1997ರಲ್ಲಿ ಆ ಕಂಪೆನಿ ಬೋಯಿಂಗ್‌ನಲ್ಲಿ ವಿಲೀನವಾದಾಗ ಇಲ್ಲಿ ಎರಡನೆಯ ಸ್ಥಾನಕ್ಕೇರಿದರು. ಎಂಜಿನಿಯರುಗಳ ಮಾತಿಗೆ ತೂಕವಿದ್ದ ಸಂಸ್ಥೆಯಲ್ಲಿ ಲೆಕ್ಕಪತ್ರದ ಮಾತು ಮೇಲಾಗತೊಡಗಿತು. 2000ದಲ್ಲಿ ಸಾವಿರಾರು ಎಂಜಿನಿಯರುಗಳು ಮತ್ತು ತಂತ್ರಜ್ಞರು 40 ದಿನ ಮುಷ್ಕರ ಹೂಡಿದರು. 2001ರಲ್ಲಿ ಕೇಂದ್ರ ಕಚೇರಿಯು ಕಾರ್ಖಾನೆಗಳಿದ್ದ ಸಿಯಾಟಲ್ ಬಿಟ್ಟು ದೂರದ ಶಿಕಾಗೋಗೆ ಹೋಯಿತು.

2002ರಲ್ಲಿ ನಿವೃತ್ತರಾದ ಅವರನ್ನು ಮರುವರ್ಷವೇ ಕಂಪೆನಿ ಮತ್ತೆ ಕರೆಯಿತು. ವಾಯುಪಡೆಗೆ ಇಂಧನ ತುಂಬುವ ವಿಮಾನ ಒದಗಿಸುವ ಗುತ್ತಿಗೆಯ ಹಗರಣದಲ್ಲಿ ಅದರ ಮಾನ ಹರಾಜಾಗಿತ್ತು. ಮುಖ್ಯಸ್ಥ ಫಿಲ್ ಕಾಂಡಿಟ್ ಹುದ್ದೆ ತೊರೆದಿದ್ದರು. ಸ್ಟೋನ್‌ಸೈಫರ್ ನೀತಿಸಂಹಿತೆಯನ್ನು ಬಿಗಿಗೊಳಿಸಿದರು. ಹದಿನೈದು ತಿಂಗಳಲ್ಲಿ ಅದೇ ಸಂಹಿತೆ ಅವರ ಕೊರಳಿಗೆ ಸುತ್ತಿಕೊಂಡಿತು. ಪರರಿಗೆ ಹಾಕಿದ ಗೆರೆಯನ್ನು ತಾವೇ ದಾಟಿದ್ದು ತಪ್ಪೇ. ಅದನ್ನು ನಾವು ಸಣ್ಣದೆನ್ನುವುದಿಲ್ಲ.

ಆದರೆ 2004ರಲ್ಲಿ ಅವರು ಪತ್ರಿಕೆಯೊಂದಕ್ಕೆ ಬೇರೊಂದು ಮಾತನ್ನೂ ಹೇಳಿದ್ದರು. ಬೋಯಿಂಗ್ ಶ್ರೇಷ್ಠ ಎಂಜಿನಿಯರಿಂಗ್ ಸಂಸ್ಥೆಯಂತಲ್ಲ, ವ್ಯಾಪಾರದಂತೆ ನಡೆಯಬೇಕು, ಅದರ ಸಂಸ್ಕೃತಿಯನ್ನು ಬದಲಿಸುವುದೇ ತಮ್ಮ ಉದ್ದೇಶವಾಗಿತ್ತು ಎಂದು. ಆ ಮಾತಿಗೆ ಯಾವ ಸಂಹಿತೆಯೂ ಅಡ್ಡ ಬರಲಿಲ್ಲ.

2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಬೋಯಿಂಗ್‌ನ 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಮಂದಿ ಸತ್ತರು. ಒಂದೇ ಸಂವೇದಕದ ಸೂಚನೆಯನ್ನು ನಂಬಿ ವಿಮಾನದ ಮೂತಿಯನ್ನು ಕೆಳಗೆ ತಳ್ಳುವ ವ್ಯವಸ್ಥೆಯೊಂದು ಅದರಲ್ಲಿತ್ತು. ಮೊದಲ ದುರಂತದವರೆಗೆ ಪೈಲಟುಗಳ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ. ಖರ್ಚು ಮತ್ತು ಪೈಪೋಟಿಯ ಒತ್ತಡ ಸುರಕ್ಷತೆಯನ್ನು ಕುಗ್ಗಿಸಿತೆಂದು ಅಮೆರಿಕದ ಸಂಸತ್ತಿನ ಸಮಿತಿ 2020ರಲ್ಲಿ ವರದಿ ಮಾಡಿತು. ಮೊದಲ ದುರಂತದ ಹೊತ್ತಿಗೆ ಸ್ಟೋನ್‌ಸೈಫರ್ ನಿರ್ಗಮಿಸಿ ಹದಿಮೂರು ವರ್ಷ ಕಳೆದಿತ್ತು. ನಡುವೆ ಹಲವು ಕೈಗಳು ದಾಟಿದ್ದವು. ಹೊಣೆಯೆಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ವ್ಯಾಪಾರವೇ ಮೊದಲೆಂಬ ಪಾಠವನ್ನು ಅಲ್ಲಿ ಹೆಮ್ಮೆಯಿಂದ ಕಲಿಸಿದವರಲ್ಲಿ ಅವರೂ ಒಬ್ಬರು.

ಈಗ ತಕ್ಕಡಿ ನೋಡಿ. ಖಾಸಗಿ ಸಂಬಂಧದ ತಪ್ಪಿಗೆ ತೀರ್ಪು ಬರಲು ಕೆಲವು ದಿನ ಸಾಕಾಯಿತು. ದುರಂತಗಳ ಕಾಲದ ಮುಖ್ಯಸ್ಥ ಡೆನಿಸ್ ಮ್ಯೂಲೆನ್‌ಬರ್ಗ್ ಅವರನ್ನು ತೆಗೆಯಲು ಎರಡನೆಯ ಅಪಘಾತದ ನಂತರವೂ ಒಂಬತ್ತು ತಿಂಗಳು ಬೇಕಾಯಿತು. ಹೊರಡುವಾಗ ಅವರಿಗೆ ಸಲ್ಲಬೇಕಿದ್ದ ಷೇರು ಮತ್ತು ಪಿಂಚಣಿಯ ಮೊತ್ತ ಸುಮಾರು 6.2 ಕೋಟಿ ಡಾಲರ್.

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎನ್ನುತ್ತದೆ ನಮ್ಮ ಗಾದೆ. ಕಂಪೆನಿಗಳ ನೀತಿಸಂಹಿತೆ ಅಡಿಕೆಯನ್ನಷ್ಟೇ ಎಣಿಸುತ್ತದೆ. ಆನೆ ಕಾಣೆಯಾದದ್ದು ತಿಳಿಯಲು ಅದಕ್ಕೆ 346 ಹೆಣಗಳು ಬೇಕಾದವು.